ಅರವತ್ತೆರಡು ರೆಕ್ಕೆಗಂಬಗಳು

"ಎಡಕ್ಕೆ ತಿರುಗ್ಸೋ ರೆಜ್, ಎಡಕ್ಕೆ! ನಿನ್ನ ಎಡ ಅಲ್ಲ ಮಾರಾಯ, ಪೆಟ್ಟಿಗೆ ಎಡ!"

"ಪೆಟ್ಟಿಗೆಗೆ ಎಲ್ಲಿಂದ ಬಂತೋ ಎಡ ಬಲ?"

"ಒಳಗಿರೋರಿಗೆ ಇದೆಯಲ್ಲ."

ನಾಲ್ಕು ಜನ ಹೊತ್ತ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಕಾಲು ಗಂಟೆಯಾಗಿತ್ತು. ತಲೆಯ ಕಡೆ ಮೇಲಿನ ಕೋಣೆಯ ಬಾಗಿಲಿಗೆ ತಗುಲಿತ್ತು, ಕಾಲಿನ ಕಡೆ ಗೋಡೆಯ ಸುಣ್ಣ ಕೆರೆಯುತ್ತಿತ್ತು. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಸಲೀಸಾಗಿ ಮೇಲೆ ತಂದಿದ್ದರು. ಈಗ ಒಳಗೆ ಹೆಸ್ಟರ್ ಪ್ಲಮ್‌ರಿಜ್ ಮಲಗಿದ್ದಳು, ಅವಳನ್ನು ನಿಲ್ಲಿಸುವಂತಿರಲಿಲ್ಲ. ಹೊತ್ತವರು ನಾಲ್ವರೂ ಕುರ್ಚಿ ಕಾರ್ಖಾನೆಯ ಬಡಗಿಗಳು. ಪೆಟ್ಟಿಗೆ ಮಾಡಿದವರೂ ಅವರೇ. ಹೆಣದ ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದೆ ತೆಗೆದುಕೊಂಡಿದ್ದರು. ಮೆಟ್ಟಿಲಿನ ಅಳತೆ ಯಾರಿಗೂ ಹೊಳೆದಿರಲಿಲ್ಲ.

"ಇದನ್ನ ನೋಡಿ ಪಾಸು ಮಾಡಿದೋರು ಯಾರಯ್ಯಾ?" ಎಂದ ಕೆಳಗಿನವನು, ಕಣ್ಣಿಗಿಳಿದ ಬೆವರನ್ನು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ.

"ಇನ್ಯಾರು, ಹೆಸ್ಟರ್ ನೋಡಿ ಕಳಿಸಿದ್ಳು," ಎಂದ ಮೇಲಿನವನು.

ಮಾತು ಬಾಯಿಂದ ಜಾರಿದ ಮೇಲೆ ಅವನಿಗೇ ಗೊತ್ತಾಯಿತು. ಆ ಊರಿನಲ್ಲಿ ಕುರ್ಚಿಯ ಕಾಲು ಕುಂಟಿದರೆ, ಮೇಜಿನ ಖಾನೆ ಅರ್ಧಕ್ಕೆ ನಿಂತರೆ, ಕೊಡೆ ಸೋರಿದರೂ ಸರಿ, ಹೇಳುವ ಮಾತು ಅದು. ಮೂವತ್ತೊಂಬತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಹೆಸ್ಟರ್ ಎಂಬವಳು ನಿಜವಾಗಿ ಒಬ್ಬಳಿದ್ದಾಳೆ, ಗುಡ್ಡದ ಬೀದಿಯ ಕೊನೆಯ ಮನೆಯಲ್ಲಿ ಕೂತು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾಳೆ ಎಂಬುದು ಈಚಿನ ಎಷ್ಟೋ ಜನಕ್ಕೆ ತಿಳಿದಿರಲಿಲ್ಲ. ಮಾತು ಮಾತ್ರ ಗೊತ್ತಿತ್ತು.

ಕೆಳಗೆ ಮುಂದಿನ ಕೋಣೆಯಲ್ಲಿದ್ದ ನ್ಯಾನ್‌ಗೂ ಅದು ಕೇಳಿಸಿತು. ನ್ಯಾನ್ ಹೆಸ್ಟರ್‌ಳ ತಂಗಿಯ ಮಗಳು, ಹೆಸ್ಟರ್ ಸಾಕಿ ಬೆಳೆಸಿದವಳು, ರೆಜ್‌ನ ಹೆಂಡತಿ. ಮೆಟ್ಟಿಲ ಬುಡಕ್ಕೆ ಬಂದು ಕತ್ತೆತ್ತಿ ಹೇಳಿದಳು: "ರೆಜ್, ನಗೋದಿದ್ರೆ ಪೆಟ್ಟಿಗೆ ಕೆಳಗಿಟ್ಟು ನಗೋಕೆ ಹೇಳು ಅವರಿಗೆ. ಎತ್ತಿಹಾಕಿಬಿಟ್ಟಾರು."

"ಯಾರೂ ನಗ್ತಿಲ್ಲ ಕಣೇ."

"ಹಂಗಾದ್ರೆ ಕೆಲಸ ನೋಡಿ."

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಕಾರ್ಖಾನೆಯ ಹಳೆಯ ಕೆಲಸಗಾರ, ಮುದುಕ ಅಮೋಸ್ ಸ್ಟಾಲ್‌ವುಡ್ ಕೋಲೂರಿ ಎದ್ದ. "ವಾಪಸ್ ಮೇಲಕ್ಕೆ ಒಯ್ಯಿರೋ. ಕಿಟಕಿ ಚೌಕಟ್ಟು ಬಿಚ್ಚಿ, ಹಗ್ಗ ಕಟ್ಟಿ ಬೀದಿಗೆ ಇಳಿಸಿ. ಬಡಗಿಗಳಂತೆ ಬಡಗಿಗಳು!"

ಒಲೆಯ ಪಕ್ಕ ಬಿಳಿ ಹೂವಿನ ಮಾಲೆ ಹಿಡಿದು ನಿಂತಿದ್ದವಳು ಲವೀನಿಯಾ ಡಾರ್ಮರ್, ಕಾರ್ಖಾನೆಯ ಮ್ಯಾನೇಜರನ ಹೆಂಡತಿ. ಒಳ್ಳೆಯ ಕಪ್ಪು ಕೋಟು, ಕಪ್ಪು ಕೈಗವಸು. ಮೆಟ್ಟಿಲ ಮೇಲಿನ ಮಾತು ಕೇಳಿದಾಗ ಅವಳು ಮಾಲೆಯಿಂದ ಒಂದು ಎಲೆ ಕಿತ್ತು ಬೆರಳಲ್ಲಿ ಹೊಸಕಿದಳು. ಆ ಗಾದೆಯಲ್ಲಿರುವುದು ಸುಳ್ಳು, ಹೆಸ್ಟರ್ ನೋಡಿಯೂ ಇರಲಿಲ್ಲ, ಕಳಿಸಿಯೂ ಇರಲಿಲ್ಲ, ಕಳಿಸಿದವಳು ತಾನು. ಇದನ್ನು ಬಲ್ಲವರು ಇಬ್ಬರೇ, ಒಬ್ಬಳು ಪೆಟ್ಟಿಗೆಯಲ್ಲಿದ್ದಾಳೆ ಎಂದು ಲವೀನಿಯಾ ನಂಬಿದ್ದಳು.

ನ್ಯಾನ್ ಅವಳ ಹತ್ತಿರ ಬಂದಳು. "ಮಿಸೆಸ್ ಡಾರ್ಮರ್, ಪ್ರಾರ್ಥನಾ ಮಂದಿರದಲ್ಲಿ ಟೀ ಆದ್ಮೇಲೆ ಯಾರಾದ್ರೂ ಎದ್ದು ಎರಡು ಮಾತು ಹೇಳಬೇಕು. ನೀವು ಹೇಳ್ತೀರಾ? ತಪಾಸಣೆ ಕೋಣೇಲಿ ದೊಡ್ಡಮ್ಮನ ಜೊತೆ ಕೆಲಸ ಮಾಡಿದೋರು ನೀವೊಬ್ರೇ."

"ನಾನಾ? ಏನು ಹೇಳಲಿ ನ್ಯಾನ್?"

"ಇದ್ದದ್ದು ಹೇಳಿ. ಯುದ್ಧದ ಕಾಲದಲ್ಲಿ ನೋಡದೆ ಒಪ್ಪಿಗೆ ಠಸ್ಸೆ ಹೊಡೆದ್ಳು, ತಪ್ಪು. ಆದ್ರೆ ಕೆಟ್ಟೋಳಾಗಿರಲಿಲ್ಲ ಅಂತ ಹೇಳಿ. ನಿಮ್ಮಂಥೋರು ಹೇಳಿದ್ರೆ ಈ ಊರು ಕೇಳುತ್ತೆ." ನ್ಯಾನ್ ದನಿ ತಗ್ಗಿಸಿದಳು. "ಸೋಮವಾರ ತಪಾಸಣೆ ಬೆಂಚಿಗೆ ಹೊಸಬರನ್ನ ತಗೋತಾರಂತೆ. ಮೂರನೇ ಸಲ ಅರ್ಜಿ ಹಾಕಿದ್ದೀನಿ. ಹೋದ ಸಲ ನಿಮ್ಮ ಯಜಮಾನ್ರು ಏನಂದ್ರು ಗೊತ್ತಾ? 'ನಿನ್ನ ಕಣ್ಣು ಚುರುಕು ನ್ಯಾನ್, ಇಲ್ಲ ಅನ್ನಲ್ಲ. ಆದ್ರೆ ಹೆಸ್ಟರ್ ಸಾಕಿದೋಳನ್ನ ತಪಾಸಣೆಗೆ ಕೂರಿಸಿದ್ರೆ ಕೊಳ್ಳೋಕೆ ಬಂದೋರು ನಗ್ತಾರೆ' ಅಂದ್ರು. ಹನ್ನೆರಡು ವರ್ಷದಿಂದ ಪಾಲಿಷ್ ಉಜ್ಜುತಾ ಇದ್ದೀನಿ."

"ನೋಡೋಣ," ಎಂದಳು ಲವೀನಿಯಾ.

ಮೇಲೆ ಕಿಟಕಿಯ ಚೌಕಟ್ಟು ಗೋಡೆಯಿಂದ ಬಿಟ್ಟ ಸದ್ದಾಯಿತು. ಹೆಸ್ಟರ್ ಪ್ಲಮ್‌ರಿಜ್ ಎರಡು ಹಗ್ಗಗಳ ಮೇಲೆ, ತೆಳುಬಿಸಿಲಲ್ಲಿ, ನಿಧಾನವಾಗಿ ಬೀದಿಗೆ ಇಳಿದಳು. ಬೀದಿಯಲ್ಲಿದ್ದ ಗಂಡಸರು ಟೋಪಿ ತೆಗೆದು ಕತ್ತೆತ್ತಿ ನೋಡುತ್ತ ನಿಂತರು.

* * *

ಮೊದಲ ಮಹಾಯುದ್ಧದ ಮೂರನೆಯ ವರ್ಷಕ್ಕೆ ಕಾರ್ಖಾನೆ ಕುರ್ಚಿ ಮಾಡುವುದನ್ನು ಬಿಟ್ಟು ಸೈನ್ಯದ ವಿಮಾನಗಳಿಗೆ ರೆಕ್ಕೆಗಂಬ ಮಾಡುತ್ತಿತ್ತು. ಮೇಲಿನ ರೆಕ್ಕೆಗೂ ಕೆಳಗಿನ ರೆಕ್ಕೆಗೂ ನಡುವೆ ನಿಲ್ಲುವ ತೆಳ್ಳನೆಯ ಕಂಬ. ಆಳೆತ್ತರ, ಮೀನಿನ ಮೈಯ ಹಾಗೆ ನಡುವೆ ದಪ್ಪ, ತುದಿಗೆ ಸಣ್ಣ. ಅದಕ್ಕೆ ಬೇಕಾದ ಸ್ಪ್ರೂಸ್ ಎಂಬ ಹಗುರ ಮರ ಹಡಗಿನಲ್ಲಿ ಬರುತ್ತಿತ್ತು. ಕಂಬಗಳು ಬೆಂಚಿನಿಂದ ಇಳಿದ ಮೇಲೆ ಒಂದು ಸಣ್ಣ ಕೋಣೆಯನ್ನು ದಾಟಿ ಹೋಗಬೇಕಿತ್ತು. ಆ ಕೋಣೆಯ ಗಾಜಿಗೆ ಬಿಳಿ ಬಣ್ಣ ಬಳಿದಿದ್ದರು. ಒಳಗೆ ಹೋಗಲು ಅಪ್ಪಣೆ ಇದ್ದದ್ದು ಇಬ್ಬರಿಗೆ: ತಪಾಸಣೆಯ ಹೆಸ್ಟರ್‌ಗೆ, ಅವಳ ಸಹಾಯಕಿ ಲವೀನಿಯಾಗೆ. ಹೆಸ್ಟರ್‌ಗೆ ಇಪ್ಪತ್ತೈದು, ಲವೀನಿಯಾಗೆ ಇಪ್ಪತ್ತು.

ಹೆಸ್ಟರ್ ಒಂದು ಕಂಬವನ್ನು ಎತ್ತಿ ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ಹೆಬ್ಬೆರಳಿನ ಉಗುರನ್ನು ಉದ್ದಕ್ಕೂ ಎಳೆಯುತ್ತಿದ್ದಳು. ಗಂಟು ಬಿದ್ದ ಕಡೆ ಮೇಣಕ್ಕೆ ಮರದ ಹಿಟ್ಟು ಕಲಸಿ ತುಂಬಿ ಮುಚ್ಚುವ ಚಾಳಿ ಬಡಗಿಗಳಿಗಿತ್ತು, ಉಗುರು ಅಲ್ಲಿ ಮೆತ್ತಗಾಗುತ್ತಿತ್ತು. ಆಮೇಲೆ ಲೇಖನಿಯ ತುದಿಯಿಂದ ಮೂರು ಕಡೆ ಒಂದೊಂದು ಹನಿ ಮಸಿ. ಮಸಿ ಮರದ ಎಳೆಯ ಜಾಡು ಹಿಡಿದು ಓಡುತ್ತದೆ. ಎಳೆ ನೇರವಿದ್ದರೆ ಮಸಿಯೂ ನೇರ. ಎಳೆ ಓರೆಯಾಗಿ ಅಂಚಿಗೆ ಬಂದು ಬಿದ್ದಿದ್ದರೆ, ಆಕಾಶದಲ್ಲಿ ರೆಕ್ಕೆಯ ಭಾರ ಬಿದ್ದಾಗ ಕಂಬ ಅಲ್ಲೇ ಸೀಳುತ್ತದೆ. ಅಂಥವನ್ನು ಕೆಂಪು ಬಳಿದ ಅಟ್ಟಣೆಗೆ ಇಡುತ್ತಿದ್ದಳು. ಒಪ್ಪಿಗೆಯಾದರೆ ಕೊರಳಲ್ಲಿದ್ದ ಉಕ್ಕಿನ ಠಸ್ಸೆಯನ್ನು ತುದಿಯಿಂದ ಎರಡು ಬೆರಳು ಮೇಲೆ ಇಟ್ಟು, ಸುತ್ತಿಗೆಯಿಂದ ಒಂದೇ ಏಟು. ಒಂದು ಕಿರೀಟ, ಅದರ ಕೆಳಗೆ ೪೭. ಆ ಸಂಖ್ಯೆ ಅಂದರೆ ಹೆಸ್ಟರ್.

ಮಾರ್ಚಿನ ಒಂದು ದಿನ ಮಧ್ಯಾಹ್ನ ಹಾಲಿನ ಗಾಡಿಯವನು ಸುದ್ದಿ ತಂದ: ಎರಡು ಮೈಲಿ ಆಚೆಯ ಹಳ್ಳಿಯಲ್ಲಿ ಹೆಸ್ಟರ್‌ಳ ತಾಯಿಗೆ ಮೇಲುಸಿರು ಹತ್ತಿದೆ. ಹೆಸ್ಟರ್ ಹೋಗಿ ಮೇಸ್ತ್ರಿ ಡಾರ್ಮರ್‌ನನ್ನು ಕೇಳಿದಳು. ಡಾರ್ಮರ್ ಆಗ ಇನ್ನೂ ಹರೆಯದವನು, ಕೆಟ್ಟವನೇನಲ್ಲ. "ಐದಕ್ಕೆ ಲಾರಿ ಹೊರಡಲಿ, ಆಮೇಲೆ ಹೋಗಮ್ಮ. ಠಸ್ಸೆ ಇಲ್ದೆ ಒಂದು ಕಡ್ಡಿನೂ ಹೊರಗೆ ಹೋಗಲ್ಲ, ನಿಂಗೇ ಗೊತ್ತು," ಎಂದ.

ಹೆಸ್ಟರ್ ಕೋಣೆಗೆ ಬಂದು ಬಾಗಿಲು ಹಾಕಿದಳು. ಆಮೇಲೆ ಠಸ್ಸೆಯ ದಾರವನ್ನು ತನ್ನ ಕೊರಳಿಂದ ತೆಗೆದು ಲವೀನಿಯಾಳ ಕೊರಳಿಗೆ ಹಾಕಿದಳು.

"ಎಂಟು ತಿಂಗಳಿಂದ ನೋಡ್ತಿದ್ದೀಯ. ಒಂದೊಂದಕ್ಕೂ ಮಸಿ ಹಾಕು. ಅನುಮಾನ ಬಂತೋ, ಕೆಂಪಿಗೆ ಇಡು. ಆದಷ್ಟು ಆಗಲಿ, ಉಳಿದಿದ್ದನ್ನ ಬಿಟ್ಟು ಲಾರಿ ಹೋದ್ರೆ ಹೋಗ್ಲಿ."

"ಅಕ್ಕಾ, ಸಿಕ್ಕಿಬಿದ್ರೆ?"

"ಸಿಕ್ಕಿಬೀಳೋದು ನಾನು. ನೀನು ನೋಡಿ ಹೊಡಿ, ಅಷ್ಟೇ."

ಅಂಗಳದ ಕಡೆಯ ಬಾಗಿಲಿಂದ ಹೆಸ್ಟರ್ ಹೊರಟುಹೋದಳು.

ಲವೀನಿಯಾ ಮೊದಲ ಕಂಬ ಎತ್ತಿ ಮಸಿ ಹಾಕಿದಳು. ಮಸಿ ಓಡಿತು. ನೇರವೋ ಓರೆಯೋ ತಿಳಿಯಲಿಲ್ಲ. ಸ್ವಲ್ಪ ಓರೆ ಇತ್ತು. ಎಷ್ಟು ಓರೆಯಾದರೆ ಕೆಂಪು? ಎಂಟು ತಿಂಗಳು ತಾನು ನೋಡಿದ್ದು ಹೆಸ್ಟರ್‌ಳ ಕೈಯನ್ನು, ಮಸಿಯನ್ನಲ್ಲ ಎಂಬುದು ಅವಳಿಗೆ ಆಗ ಗೊತ್ತಾಯಿತು. ಎರಡನೆಯದಕ್ಕೂ ಹಾಗೇ ಆಯಿತು. ಎರಡನ್ನೂ ಎದುರಿಗಿಟ್ಟುಕೊಂಡು ಮೂರು ಗಂಟೆಯವರೆಗೂ ಕೂತಿದ್ದಳು.

ಡಾರ್ಮರ್ ಬಂದು ಬಾಗಿಲು ದಡದಡ ಬಡಿದ. "ಹೆಸ್ಟರ್! ಅಲ್ಲಿ ಫ್ರಾನ್ಸ್‌ನಲ್ಲಿ ವಿಮಾನಗಳು ರೆಕ್ಕೆ ಮುರ್ಕೊಂಡು ಕೂತಿವೆ, ನೀನಿಲ್ಲಿ ಮಸಿ ಆಟ ಆಡ್ತಿದ್ದೀಯ. ಒಂದೂ ಏಟು ಕೇಳಿಸ್ತಿಲ್ವಲ್ಲ!"

ಮಾತಾಡಿದರೆ ದನಿ ಗುರುತಾಗುತ್ತದೆ. ಸುಮ್ಮನಿದ್ದರೆ ಬಾಗಿಲು ತೆಗೆಯುತ್ತಾನೆ. ಲವೀನಿಯಾ ಸುತ್ತಿಗೆ ತೆಗೆದುಕೊಂಡು ಮೊದಲ ಕಂಬಕ್ಕೆ ಠಸ್ಸೆ ಹೊಡೆದಳು. ಎರಡನೆಯದಕ್ಕೆ. ಆಮೇಲೆ ಮೂರನೆಯದಕ್ಕೆ, ಮಸಿ ಹಾಕದೆ. ಹೊರಗೆ ಡಾರ್ಮರ್ ಕೇಳಿಸಿಕೊಳ್ಳುತ್ತ ನಿಂತಿದ್ದ.

"ಹಾಂ, ಹಾಗೆ!" ಎಂದು ಸಂತೋಷದಿಂದ ಹೇಳಿ ಹೋದ.

ನಾಲ್ಕೂವರೆಗೆ ಅರವತ್ತೆರಡೂ ಮುಗಿದಿದ್ದವು.

* * *

ಪ್ರಾರ್ಥನಾ ಮಂದಿರದ ಹಿಂದಿನ ಇಳಿಜಾರಿನಲ್ಲಿ ಹೆಸ್ಟರ್‌ಳನ್ನು ಹೂಳಿದರು. ಪಾದ್ರಿ ಪಾಸ್ಕ್ ಚುಟುಕಾಗಿ ಮುಗಿಸಿದರು. ಮಣ್ಣು ಒದ್ದೆಯಾಗಿತ್ತು, ನಿಂತಲ್ಲೇ ಬೂಟು ಕಚ್ಚಿಕೊಳ್ಳುತ್ತಿತ್ತು. ವಾಪಸು ನಡೆಯುವಾಗ ಹೆಂಗಸರು ಎರಡೆರಡಾಗಿ ಮಾತಾಡಿಕೊಂಡರು.

"ನಮ್ಮನೆ ಕುರ್ಚಿಗೆ ಅವಳು ಬೆತ್ತ ಹಾಕಿ ಇಪ್ಪತ್ತು ವರ್ಷ ಆಯ್ತು. ನಮ್ಮ ಯಜಮಾನ್ರ ತೂಕ ನಿಂಗೇ ಗೊತ್ತು. ಒಂದೆಳೆ ಸಡಿಲ ಆಗಿಲ್ಲ."

"ಒಂದೊಂದು ತೂತಿಗೂ ಬೆರಳಿಟ್ಟು ನೋಡ್ತಿದ್ಳು ಕಣೇ. ಹೊತ್ತಾಗುತ್ತೆ ಬಾರಮ್ಮ ಅಂದ್ರೆ, ನೀನು ಹೋಗು, ಬೆತ್ತ ಇನ್ನೂ ಒಪ್ಪಿಲ್ಲ ಅನ್ನೋಳು."

"ಅಂಥೋಳು ಆವತ್ತು ಯಾಕೆ ಹಂಗೆ ಮಾಡಿದ್ಳೋ."

"ಆವತ್ತಿಂದ ಬುದ್ಧಿ ಬಂತು ಅನ್ನು. ಬಂದು ಏನಾಯ್ತು? ಬೇಕರಿಯವನ ಮಗ ಮದುವೆ ಆಗ್ತೀನಿ ಅಂತ ಮಾತು ಕೊಟ್ಟಿದ್ದ, ಅವರಪ್ಪ ಬಿಡಿಸಿಬಿಟ್ಟ. ಕಣ್ಣಿಲ್ಲದ ಹುಡುಗಿ ನಮಗೆ ಬೇಡ ಅಂತ."

ಲವೀನಿಯಾಳ ಹಿಂದೆ ಅಮೋಸ್ ಕೋಲೂರಿಕೊಂಡು ಬರುತ್ತಿದ್ದ. ಡಾರ್ಮರ್ ತನ್ನ ಹೆಂಡತಿಯ ತೋಳು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದ: "ಎರಡೇ ಮಾತು ಹೇಳಿ ಕೂತ್ಕೋ. ದುಡಿದ ಜೀವ, ದೇವರ ಹತ್ರ ಹೋಯ್ತು, ಆಯ್ತು. ನಾನು ಕಾರ್ಖಾನೆಗೆ ವಾಪಸ್ ಹೋಗಬೇಕು."

"ಸೋಮವಾರ ಬೆಂಚಿಗೆ ಯಾರನ್ನ ತಗೋತೀರಿ?"

"ಅದು ಈಗ ಯಾಕೆ?"

"ಸುಮ್ಮನೆ ಕೇಳಿದೆ."

"ನ್ಯಾನ್ ವಿಷಯಾನಾ? ಅದಾಗಲ್ಲ ಅಂತ ನಿಂಗೆ ಹೇಳಿದ್ದೀನಲ್ಲ."

* * *

ಲಾರಿ ಹೊರಟ ಆ ದಿನ ಸಂಜೆ ಆರಕ್ಕೆ ಹೆಸ್ಟರ್‌ಳ ತಾಯಿ ತೀರಿಕೊಂಡಳು. ಮರುದಿನ ಬೆಳಿಗ್ಗೆ ಏಳಕ್ಕೆ ಹೆಸ್ಟರ್ ಕೋಣೆಯಲ್ಲಿದ್ದಳು. ಹಳೆಯ ಕೋಟಿಗೆ ಕಪ್ಪು ಪಟ್ಟಿ ಹೊಲಿದುಕೊಂಡಿದ್ದಳು.

ಅವಳು ಲವೀನಿಯಾಳನ್ನು ಏನೂ ಕೇಳಲಿಲ್ಲ. ಮೊದಲು ನೋಡಿದ್ದು ಕೆಂಪು ಅಟ್ಟಣೆಯನ್ನು. ಅದು ಖಾಲಿಯಿತ್ತು.

"ಎಷ್ಟು ಹೋಯ್ತು?"

"ಎಲ್ಲ. ಅರವತ್ತೆರಡು."

"ಕೆಂಪಿಗೆ ಎಷ್ಟು ಇಟ್ಟೆ?"

"ಎಲ್ಲ ಚೆನ್ನಾಗೇ ಇತ್ತು ಅಕ್ಕಾ."

ಹೆಸ್ಟರ್ ಸ್ಟೂಲಿನ ಮೇಲೆ ಕೂತಳು. "ಅರವತ್ತೆರಡರಲ್ಲಿ ಒಂದೂ ಕೆಟ್ಟಿದ್ದಿರಲಿಲ್ವಾ? ಅಷ್ಟು ಒಳ್ಳೆ ಮರಾನ ದೇವರು ಕೂಡ ಇನ್ನೂ ಬೆಳೆಸಿಲ್ಲ ಲವೀ."

ಲವೀನಿಯಾ ಅಳುತ್ತ ಎಲ್ಲವನ್ನೂ ಹೇಳಿದಳು. ತನ್ನ ಅಪ್ಪ ಮರದ ಧೂಳು ಕುಡಿದು ಪುಪ್ಪುಸ ಕೆಟ್ಟು ಹಾಸಿಗೆ ಹಿಡಿದಿದ್ದಾನೆ, ಮನೆಯಲ್ಲಿ ದುಡಿಯುವ ಕೈ ತನ್ನದೊಂದೇ ಎಂಬುದನ್ನೂ ಹೇಳಿದಳು. ಅದು ಹೆಸ್ಟರ್‌ಗೆ ಗೊತ್ತಿದ್ದದ್ದೇ. ಹೆಸ್ಟರ್ ಕೈ ಚಾಚಿ ಠಸ್ಸೆಯನ್ನು ವಾಪಸು ತೆಗೆದುಕೊಂಡಳು. ಅದರ ಮುಖವನ್ನು ಬೆಳಕಿಗೆ ಹಿಡಿದು ನೋಡಿದಳು, ಬಟ್ಟೆಯಿಂದ ಒರೆಸಿದಳು.

"ನೀನು ಒಳಗಿದ್ದೆ, ಧೂಳು ಒರೆಸ್ತಿದ್ದೆ. ನಂಗೆ ಅವಸರ ಇತ್ತು, ನೋಡದೆ ಹೊಡೆದೆ. ಇಷ್ಟೇ ನಡೆದಿದ್ದು. ತಿಳೀತಾ?"

"ಯಾರೂ ಕೇಳಿಲ್ವಲ್ಲ ಅಕ್ಕಾ. ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ."

"ಕಂಬಕ್ಕೆ ಗೊತ್ತಾಗುತ್ತೆ," ಎಂದಳು ಹೆಸ್ಟರ್, ಮತ್ತು ಕಚೇರಿಯ ಕಡೆ ನಡೆದಳು.

ಅರವತ್ತೆರಡೂ ವಾಪಸು ಬಂದವು. ಅದರಲ್ಲಿ ಹದಿನಾಲ್ಕನ್ನು ಆಗಲೇ ವಿಮಾನಗಳಿಗೆ ಜೋಡಿಸಿ, ಮತ್ತೆ ಬಿಚ್ಚಿ ಕಳಿಸಿದ್ದರು. ಮಸಿ ಹಾಕಿ ಮತ್ತೊಮ್ಮೆ ನೋಡಿದರೆ ಸಾಕು ಎಂದು ಬಡಗಿಗಳು ಬೇಡಿಕೊಂಡರು. ಮೇಲಿನವರು ಒಪ್ಪಲಿಲ್ಲ, ನಂಬಿಕೆ ಹೋದ ಮಾಲನ್ನೆಲ್ಲ ಮುರಿದು ನೋಡಬೇಕೆಂದು ಅಪ್ಪಣೆಯಾಯಿತು. ಪರೀಕ್ಷೆಯ ಕೊಟ್ಟಿಗೆಯಲ್ಲಿ ಅಮೋಸ್ ಒಂದೊಂದನ್ನೂ ಎರಡು ಕಬ್ಬಿಣದ ತಟ್ಟೆಗಳ ನಡುವೆ ನಿಲ್ಲಿಸಿ, ತಿರುಪು ತಿರುಗಿಸಿ ಒತ್ತಿದ. ಕಂಬ ಬಿಲ್ಲಿನ ಹಾಗೆ ಬಾಗಿ, ಗುಂಡು ಹಾರಿದಂತೆ ಸದ್ದು ಮಾಡಿ ಮುರಿಯುತ್ತಿತ್ತು. ಮೂರು ದಿನ ಆ ಸದ್ದು ಊರಿಗೆಲ್ಲ ಕೇಳಿಸಿತು. ಐವತ್ತೊಂಬತ್ತು ಕಂಬಗಳು ಹೊರಬೇಕಾದ ಭಾರಕ್ಕಿಂತ ಹೆಚ್ಚು ಹೊತ್ತು ಮುರಿದವು. ಮೂರು ಮಾತ್ರ ಅರ್ಧ ಭಾರಕ್ಕೇ ಸೀಳಿಕೊಂಡವು.

ಜನ ಆ ಮೂರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹದಿನೈದು ದಿನದ ದುಡಿಮೆ ಕಣ್ಣೆದುರು ಸೌದೆಯಾದದ್ದನ್ನು ನೋಡಿದ್ದರು. ಹೆಸ್ಟರ್‌ಳನ್ನು ಕೆಲಸದಿಂದ ತೆಗೆದರು. ಎರಡು ತಿಂಗಳಲ್ಲಿ ಲವೀನಿಯಾಗೆ ಹೊಸ ಠಸ್ಸೆ ಬಂತು, ಬೇರೆ ಸಂಖ್ಯೆ. ಅಷ್ಟರಲ್ಲಿ ಅವಳು ಮಸಿ ನೋಡುವುದನ್ನು ಕಲಿತಿದ್ದಳು. ಪ್ರತಿ ಭಾನುವಾರ ಗುಡ್ಡದ ಬೀದಿಗೆ ಹೋಗಿ ಹೆಸ್ಟರ್‌ಳಿಂದಲೇ ಕಲಿತಿದ್ದಳು.

* * *

ಮಂದಿರದ ಪಕ್ಕದ ಹಾಲಿನಲ್ಲಿ ಉದ್ದದ ಮೇಜುಗಳಿಗೆ ಬಿಳಿ ಬಟ್ಟೆ ಹಾಸಿದ್ದರು. ಹ್ಯಾಮ್ ಇಟ್ಟ ಬ್ರೆಡ್ಡು, ಶಾಜೀರಿಗೆಯ ಕೇಕು, ದೊಡ್ಡ ಪಾತ್ರೆಯಲ್ಲಿ ಟೀ. ನ್ಯಾನ್ ಎಲ್ಲರಿಗೂ ಬಗ್ಗಿಸಿ ಕೊಟ್ಟಳು. ನಲವತ್ತು ಜನರಿದ್ದರು. ಪಾದ್ರಿ ಚಮಚದಿಂದ ಬಟ್ಟಲು ತಟ್ಟಿ, "ಮಿಸೆಸ್ ಡಾರ್ಮರ್ ಎರಡು ಮಾತು ಹೇಳ್ತಾರೆ," ಎಂದರು.

ಲವೀನಿಯಾ ಎದ್ದು ನಿಂತಳು. ಕೈಗವಸು ತೆಗೆದು ಮೇಜಿನ ಮೇಲಿಟ್ಟಳು.

"ಹೆಸ್ಟರ್ ಆ ಕಂಬಗಳಿಗೆ ಠಸ್ಸೆ ಹೊಡೀಲಿಲ್ಲ. ಅವಳು ಆವತ್ತು ಮಧ್ಯಾಹ್ನ ಕೋಣೇಲೇ ಇರಲಿಲ್ಲ, ಅಮ್ಮನ ಹತ್ರ ಹೋಗಿದ್ಳು. ಠಸ್ಸೆ ನನ್ನ ಕೈಗೆ ಕೊಟ್ಟು, ನೋಡಿ ಹೊಡಿ ಅಂದಿದ್ಳು. ನಾನು ನೋಡ್ಲಿಲ್ಲ. ಅರವತ್ತೆರಡೂ ನಾನೇ ಹೊಡೆದೆ."

ಹಾಲಿನಲ್ಲಿ ಯಾರೋ ಬಟ್ಟಲನ್ನು ತಟ್ಟೆಯ ಮೇಲಿಟ್ಟ ಸದ್ದಾಯಿತು. ಆಮೇಲೆ ಒಬ್ಬ ಹೆಂಗಸು ಕರವಸ್ತ್ರ ತೆಗೆದು ಮೂಗೊರೆಸಿಕೊಂಡಳು.

"ನೋಡ್ರೇ, ಸತ್ತೋಳ ಮೇಲಿನ ಮಾತು ತೆಗೆಯೋಕೆ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾರೆ."

"ಎಂಥಾ ದೊಡ್ಡ ಮನಸ್ಸು!"

"ಇದಲ್ವೇ ಸ್ನೇಹ ಅಂದ್ರೆ," ಎಂದರು ಪಾದ್ರಿ ತೇವವಾದ ದನಿಯಲ್ಲಿ.

ಲವೀನಿಯಾ ಸುತ್ತ ನೋಡಿದಳು. "ಇಲ್ಲ, ಇದು ನಿಜ. ನಾನೇ—"

"ಕೂತ್ಕೋ ಲವೀನಿಯಾ," ಎಂದ ಡಾರ್ಮರ್. ಎದ್ದು ಎಲ್ಲರ ಕಡೆ ತಿರುಗಿ, "ಒಂದು ವಾರದಿಂದ ಇವಳಿಗೆ ಸರಿಯಾಗಿ ನಿದ್ದೆ ಇಲ್ಲ. ಆವತ್ತು ಬಾಗಿಲ ಹೊರಗೆ ನಾನೇ ನಿಂತಿದ್ದೆ, ಹೆಸ್ಟರ್ ಹೊಡೆಯೋದನ್ನ ನನ್ನ ಕಿವಿಯಾರೆ ಕೇಳಿದ್ದೀನಿ," ಎಂದ.

"ಕಿವಿಯಾರೆ ಕೇಳಿ 'ಹಾಂ, ಹಾಗೆ' ಅಂದ್ರಿ," ಎಂದಳು ಲವೀನಿಯಾ. "ಒಳಗಿದ್ದಿದ್ದು ನಾನು."

ಡಾರ್ಮರ್ ಹೆಂಡತಿಯ ಕಡೆ ತಿರುಗಿದ. ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮೇಜಿನ ತುದಿಯಲ್ಲಿದ್ದ ಅಮೋಸ್ ಬ್ರೆಡ್ಡಿನ ಚೂರನ್ನು ನುಂಗಿಕೊಂಡು ಕೇಳಿದ: "ಮಿಸೆಸ್ ಡಾರ್ಮರ್, ಸುತ್ತಿಗೆ ಯಾವ ಕೈಲಿ ಹಿಡಿದಿದ್ರಿ?"

"ಎಡಗೈಲಿ."

"ಬರೆಯೋದು ಬಲಗೈಲಿ ಅಲ್ವಾ ನೀವು?"

"ಸ್ಕೂಲಲ್ಲಿ ಹೊಡೆದು ಹೊಡೆದು ಬಲಕ್ಕೆ ತಂದ್ರು. ಸುತ್ತಿಗೆ ಹಿಡಿಯೋದನ್ನ ಯಾರು ತಿದ್ದುತಾರೆ?"

"ಹೂಂ," ಎಂದ ಅಮೋಸ್. "ಅರವತ್ತೆರಡನ್ನೂ ಮುರಿದೋನು ನಾನು. ಹೆಸ್ಟರ್‌ದು ನೆಟ್ಟಗಿನ ಏಟು, ಸಾವಿರ ನೋಡಿದ್ದೆ. ಇವೆಲ್ಲದರಲ್ಲೂ ಎಡಗೈ ಏಟಿನ ಹಾಗೆ ಕಿರೀಟ ಬಲಕ್ಕೆ ವಾಲಿತ್ತು. ಒಂದೆರಡಲ್ಲ, ಅಷ್ಟೂ. ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದ ಹೆಸ್ಟರ್‌ನ ಕೇಳ್ದೆ, ಇದ್ಯಾರ ಕೈಯಮ್ಮ ಅಂತ. 'ನಿಮ್ಮ ಕೆಲಸ ಮುರಿಯೋದು ಅಮೋಸ್, ಮುರೀರಿ' ಅಂದ್ಳು. ತಾನು ಬದುಕಿರೋವರೆಗೆ ನಾನು ಬಾಯಿ ಬಿಡಬಾರದು ಅಂತ ಆಣೆ ಹಾಕಿಸಿಕೊಂಡ್ಳು."

ಈಗ ಯಾರೂ ಮೂಗೊರೆಸಿಕೊಳ್ಳಲಿಲ್ಲ. ಲವೀನಿಯಾಳ ಎರಡೂ ಪಕ್ಕದಲ್ಲಿ ಕೂತಿದ್ದ ಹೆಂಗಸರು ಒಬ್ಬರಿನ್ನೊಬ್ಬರನ್ನು ನೋಡಿ, ಏನೋ ನೆನಪಾದವರಂತೆ ಎದ್ದು ಟೀ ಪಾತ್ರೆಯ ಕಡೆ ಹೋದರು.

ಡಾರ್ಮರ್ ಟೋಪಿ ಎತ್ತಿಕೊಂಡ. "ಆಗಿದ್ದು ಆಗಿಹೋಯ್ತು. ಈ ಮಾತು ಈ ಹಾಲಿಂದ ಆಚೆ ಹೋಗಬಾರದು. ನಿಮ್ಮಲ್ಲಿ ಮುಕ್ಕಾಲು ಜನ ನನ್ನ ಕೈ ಕೆಳಗೆ ಇದ್ದೀರಿ." ಹೆಂಡತಿಯ ಕಡೆ ನೋಡದೆ, "ಐದೂವರೆಗೆ ಕಾರು ತರ್ತೀನಿ. ಅಷ್ಟರಲ್ಲಿ ಸುಧಾರಿಸ್ಕೋ," ಎಂದು ಹೊರಟುಹೋದ.

ನ್ಯಾನ್ ಟೀ ಪಾತ್ರೆಯ ಹಿಂದಿನಿಂದ ಬಂದಳು. ಕೈಯನ್ನು ಒರೆಸುವ ಬಟ್ಟೆಯಲ್ಲಿ ಒರೆಸಿಕೊಂಡು ಲವೀನಿಯಾಳ ಎದುರು ಕೂತಳು.

"ಮೂರು ಸಲ ಅರ್ಜಿ ಹಾಕಿದ್ದೆ. ಕೊಡಬೇಕೋ ಬೇಡವೋ ಅಂತ ನಿಮ್ಮ ಮನೆ ಊಟದ ಮೇಜಲ್ಲಿ ಮಾತಾಡಿರ್ತೀರಿ ಅಲ್ವಾ?"

"ಹೌದು."

"ನೀವೇನಂದ್ರಿ?"

"ಪಾಪ ಅಂದೆ."

ನ್ಯಾನ್ ತಲೆಯಾಡಿಸಿದಳು. ಹಾಡಿನ ಹಾಳೆಯೊಂದನ್ನು ಎಳೆದು, ಮಗುಚಿ, ಖಾಲಿ ಮಗ್ಗುಲನ್ನು ಮೇಲೆ ಮಾಡಿ, ಪಾದ್ರಿಯ ಪೆನ್ನು ಇಸಿದುಕೊಂಡು ಮುಂದಿಟ್ಟಳು.

"ಈಗ ಹೇಳಿದ್ದನ್ನ ಬರೀರಿ. ಕಾರ್ಖಾನೆ ಗೇಟಿನ ಹೊರಗೆ ನೋಟಿಸ್ ಬೋರ್ಡ್ ಇದೆಯಲ್ಲ, ಅಲ್ಲಿಗೆ."

ಲವೀನಿಯಾ ಬರೆದಳು. ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರ. ನ್ಯಾನ್ ಹಾಳೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

"'ಯುದ್ಧದ ಅವಸರದಲ್ಲಿ' ಅಂತ ಹಾಕಿದ್ದೀರಿ. ಅದು ಬೇಡ. ಅವಸರ ದೊಡ್ಡಮ್ಮನಿಗೂ ಇತ್ತು."

ಇನ್ನೊಂದು ಹಾಳೆ. ನ್ಯಾನ್ ಮತ್ತೆ ಓದಿದಳು.

"'ಸರಿಯಾಗಿ ನೋಡದೆ.'" ಬೆರಳಿಟ್ಟು ತೋರಿಸಿದಳು. "ಸರಿಯಾಗಿ ಅನ್ನೋದು ತೆಗೀರಿ. ನೋಡದೆ."

ಅಮೋಸ್ ಕೆಮ್ಮಿದ. ಮೂರನೆಯ ಹಾಳೆಯನ್ನು ನ್ಯಾನ್ ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದಳು. ಅದರಲ್ಲಿ ನಾಲ್ಕು ಸಾಲು ಇತ್ತು, ಕೆಳಗೆ ಸಹಿ. ತನ್ನ ಟೋಪಿಯಿಂದ ಎರಡು ಪಿನ್ನು ಕಿತ್ತು ಹಾಳೆಯ ಮೇಲಿಟ್ಟಳು.

"ನೀನೂ ಬರ್ತೀಯಾ ನ್ಯಾನ್?"

"ಇಲ್ಲ. ಇಲ್ಲಿ ಪಾತ್ರೆ ಬಿದ್ದಿವೆ."

ಲವೀನಿಯಾ ಒಬ್ಬಳೇ ಗುಡ್ಡ ಇಳಿದು ಕಾರ್ಖಾನೆಯ ಕಡೆ ನಡೆದಳು. ಕೈಗವಸು ಹಾಲಿನಲ್ಲೇ ಉಳಿದಿತ್ತು. ಬೋರ್ಡಿನಲ್ಲಿ ಫುಟ್‌ಬಾಲ್ ಪಂದ್ಯದ ಚೀಟಿಯೂ ಕಳೆದುಹೋದ ಬೆಕ್ಕಿನ ಚೀಟಿಯೂ ಇದ್ದವು. ಅವೆರಡರ ನಡುವೆ ಜಾಗ ಮಾಡಿ, ಹಾಳೆಯನ್ನು ಎರಡು ಪಿನ್ನಿನಿಂದ ಚುಚ್ಚಿದಳು. ಅಷ್ಟರಲ್ಲಿ ಐದೂವರೆಯ ಸೈರನ್ ಕೂಗಿತು. ಗೇಟು ತೆರೆಯಿತು.

ಮೊದಲ ಸೈಕಲ್ಲಿನವನು ಬೋರ್ಡಿನ ಪಕ್ಕ ಮ್ಯಾನೇಜರನ ಹೆಂಡತಿ ನಿಂತಿದ್ದನ್ನು ನೋಡಿ ಟೋಪಿ ಮುಟ್ಟಿದ. ಆಮೇಲೆ ಒಂದು ಕಾಲು ನೆಲಕ್ಕೂರಿ ಹಾಳೆ ನೋಡಿದ. ಇಳಿಯಲಿಲ್ಲ, ಮುಂದೆಯೂ ಹೋಗಲಿಲ್ಲ. ಹಿಂದಿನವನು ಅವನ ಚಕ್ರಕ್ಕೆ ಗುದ್ದಿ ಬೈದು, ಬಗ್ಗಿ, ತಾನೂ ಓದತೊಡಗಿದ. ಹತ್ತು ಸೈಕಲ್ಲಾಯಿತು, ಐವತ್ತಾಯಿತು. ಗೇಟಿನ ಉದ್ದಗಲಕ್ಕೂ ಹ್ಯಾಂಡಲ್ಲುಗಳು ಒಂದಕ್ಕೊಂದು ತೊಡರಿಕೊಂಡು ನಿಂತವು.

"ಏನ್ರೋ ಅದು? ನಮಗೇನೂ ಕಾಣ್ತಿಲ್ಲ."

"ತಡಿಯೋ, ಓದ್ತೀನಿ."

ಒಬ್ಬ ಜೋರಾಗಿ ಓದಿದ. ಒಳಗಡೆಯಿಂದ ಕಾರೊಂದು ಬಂದು ಸೈಕಲ್ಲುಗಳ ಹಿಂದೆ ನಿಂತಿತು. ಹಾರನ್ ಹೊಡೆಯಿತು. ಒಂದೆರಡು ತಲೆಗಳು ತಿರುಗಿ, ಕಾರನ್ನು ನೋಡಿ, ಮತ್ತೆ ಬೋರ್ಡಿನ ಕಡೆ ತಿರುಗಿದವು. ಹಾರನ್ ಇನ್ನೊಮ್ಮೆ ಉದ್ದಕ್ಕೆ ಕೂಗಿತು.

"ಆ ಸದ್ದಲ್ಲಿ ಕೇಳಿಸ್ಲಿಲ್ಲ ಕಣೋ," ಎಂದಿತು ಹಿಂದಿನಿಂದ ಒಂದು ದನಿ. "ಮೊದಲಿಂದ ಓದು."